ಕೋರ್ಟಿಗೆ ಹೋಗದ ಅಡ್ವೊಕೇಟ್: ರಾಮನಗರದ ಗೂಡಿನ ಮಾರುಕಟ್ಟೆಯಿಂದ ಅರ್ಥ ಮಾಡಿಕೊಳ್ಳಬಹುದಾದ ಒಂದು ಹೊಸ ಉದ್ಯೋಗ

ಮದುವೆ ಮಾತುಕತೆಗೆ ಕುಳಿತರೆ ನಮ್ಮಲ್ಲಿ ಮೊದಲು ಬರುವ ಪ್ರಶ್ನೆ, ಪುದಿಯಾಪ್ಲೆಗೆ ಎಂತ ಕೆಲಸ? ಗಲ್ಫಿನಲ್ಲಿ ಸೂಪರ್ ಮಾರ್ಕೆಟ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ಅಡಿಕೆ ವ್ಯಾಪಾರ, ಮೀನಿನ ಲಾರಿ, ಬೇಕರಿ, ಜವಳಿ ಅಂಗಡಿ ಅಂದರೂ ಗೊತ್ತಾಗುತ್ತದೆ. ಇಂಜಿನಿಯರ್ ಅಂದರೆ ಅರ್ಧ ಗೊತ್ತಾದರೂ ತಲೆಯಾಡಿಸುತ್ತೇವೆ. ಆದರೆ ‘ಬೆಂಗಳೂರಿನಲ್ಲಿ ಡೆವಲಪರ್ ಅಡ್ವೊಕೇಟ್’ ಅಂದರೆ ಹಿರಿಯರು ಕನ್ನಡಕ ಸರಿ ಮಾಡಿಕೊಂಡು ಕೇಳುತ್ತಾರೆ: ‘‘ವಕೀಲನಾ? ಯಾವ ಕೋರ್ಟಿನಲ್ಲಿ?’’ ಹುಡುಗ ಕೋರ್ಟಿನ ಮೆಟ್ಟಿಲು ಹತ್ತಿದವನೇ ಅಲ್ಲ. ‘‘ರಿಯಲ್‌ಟೈಮ್ ವೆಬ್‌ನಲ್ಲಿ ಕೆಲಸ’’ ಅಂತ ಅವನು ವಿವರಿಸಲು ಹೊರಟರೆ ಗೊಂದಲ ಇನ್ನೂ ಜಾಸ್ತಿ. ಕೊನೆಗೆ ‘‘ಕಂಪ್ಯೂಟರ್‌ನಲ್ಲಿ ಏನೋ ಉಂಟು’’ ಅಂತ ಮಾತು ಮುಗಿಸಿ ಚಹಾ ಕುಡಿದು ಎದ್ದು ಬರುತ್ತೇವೆ.

ನಮ್ಮ ಮಕ್ಕಳು ಏನು ಕೆಲಸ ಮಾಡುತ್ತಾರೆ ಅಂತ ನಮಗೇ ಗೊತ್ತಿಲ್ಲದಿದ್ದರೆ ಅವರಿಗೆ ಬುದ್ಧಿ ಹೇಳುವುದಾದರೂ ಹೇಗೆ? ಹಾಗಾಗಿ ಈ ವಾರ ಈ ಕೆಲಸವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅದಕ್ಕೆ ಬೆಂಗಳೂರಿನ ಗಾಜಿನ ಕಟ್ಟಡಕ್ಕಿಂತ ಒಳ್ಳೆಯ ಜಾಗ, ಅಲ್ಲಿಂದ ಸುಮಾರು 50 ಕಿಲೋಮೀಟರ್ ದೂರದ ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ.

ರಾಮನಗರ ಅಂದರೆ ನಮ್ಮವರಿಗೆ ನೆನಪಾಗುವುದು 1975ರಲ್ಲಿ ಬಂದ ‘ಶೋಲೆ’ ಸಿನಿಮಾದ ಬಂಡೆಗಳು. ರೈಲಿನಲ್ಲಿ ಮೈಸೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವವರು ಚನ್ನಪಟ್ಟಣ, ರಾಮನಗರ ಎರಡನ್ನೂ ಕಿಟಕಿಯಿಂದ ನೋಡಿರುತ್ತಾರೆ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳನ್ನು ಬೇರ್ಪಡಿಸಿ ಹೊಸ ಜಿಲ್ಲೆ ಮಾಡಿದರು. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾಯಿತು. ಜನರ ಬಾಯಲ್ಲಿ ಈಗಲೂ ರಾಮನಗರವೇ. ಚನ್ನಪಟ್ಟಣದಲ್ಲಿ ಮರದ ಬೊಂಬೆ, ಉಳಿದಂತೆ ಈ ಸೀಮೆಯ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಯನ್ನು ಏಷ್ಯಾದಲ್ಲೇ ದೊಡ್ಡದು ಎನ್ನುತ್ತಾರೆ. ಸುತ್ತಲಿನ ತಾಲೂಕುಗಳ ರೈತರಷ್ಟೇ ಅಲ್ಲ, ತಮಿಳುನಾಡು, ಆಂಧ್ರದ ರೈತರೂ ಗೂಡು ತರುತ್ತಾರೆ. ಕೊಳ್ಳುವವರು ನೂಲು ಬಿಚ್ಚುವ ರೀಲರ್‌ಗಳು. ಅವರಲ್ಲಿ ಬಹಳಷ್ಟು ಮಂದಿ ದಖನಿ ಉರ್ದು ಮಾತಾಡುವ ಮುಸ್ಲಿಮರು, ತಲೆಮಾರುಗಳಿಂದ ಇದೇ ಕಸುಬಿನವರು.

ಗೂಡಿನ ವ್ಯಾಪಾರದ ಕಷ್ಟ ಬೇರೆ ಯಾವ ವ್ಯಾಪಾರಕ್ಕೂ ಇಲ್ಲ. ಹುಳು ಗೂಡು ಕಟ್ಟಿದ ಮೇಲೆ ರೈತನ ಕೈಯಲ್ಲಿ ಇರುವುದು ಕೆಲವೇ ದಿನ. ಸುಮಾರು ಹತ್ತು ಹನ್ನೆರಡು ದಿನದಲ್ಲಿ ಒಳಗಿನ ಹುಳು ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಗೆ ಬರುತ್ತದೆ. ಆಮೇಲೆ ಆ ಗೂಡಿನಿಂದ ಉದ್ದದ ಎಳೆ ಬಿಚ್ಚಲು ಬರುವುದಿಲ್ಲ. ನಮ್ಮ ಅಡಿಕೆ ಆದರೆ ದರ ಬಿದ್ದರೆ ಅಟ್ಟದಲ್ಲಿಟ್ಟು ಕಾಯಬಹುದು. ಗೂಡು ಅಡಿಕೆಯ ಹಾಗಲ್ಲ, ಮೀನಿನ ಹಾಗೆ. ಮಂಗಳೂರಿನ ದಕ್ಕೆಯಲ್ಲಿ ಬೆಳಗ್ಗೆ ನಿಂತು ನೋಡಿದವರಿಗೆ ಇದು ಹೇಳಬೇಕಾಗಿಲ್ಲ. ಬೋಟು ಬಂತು, ಮೀನು ಇಳಿಯಿತು, ಏಲಂ ಶುರು. ಕೂಗುವವನ ಬಾಯಿ ನಿಲ್ಲುವುದಿಲ್ಲ, ಕೊಳ್ಳುವವರ ಕಣ್ಣು ಮಿಟುಕುವುದಿಲ್ಲ. ಆ ಐದು ನಿಮಿಷದಲ್ಲಿ ಯಾರು ಹತ್ತಿರ ನಿಂತಿದ್ದಾರೆ, ಯಾರ ಕಿವಿಗೆ ದರ ಸರಿಯಾಗಿ ಬಿತ್ತು, ಅದರ ಮೇಲೆ ಇಡೀ ದಿನದ ಲಾಭ ನಷ್ಟ.

ರಾಮನಗರದಲ್ಲೂ ಹಿಂದೆ ಬಾಯಿಯಲ್ಲೇ ಹರಾಜು. ಈಗ ಇ-ಹರಾಜು. ರೈತ ಗೂಡು ತಂದು ಸುರಿದರೆ ಅದಕ್ಕೊಂದು ಲಾಟ್ ನಂಬರ್. ರೀಲರ್ ಬಂದು ಗೂಡನ್ನು ಕೈಯಲ್ಲಿ ಹಿಡಿದು ಅಮುಕಿ ನೋಡುತ್ತಾರೆ, ಅಲ್ಲಾಡಿಸುತ್ತಾರೆ. ಆ ಪರೀಕ್ಷೆಯನ್ನು ಇನ್ನೂ ಯಾವ ಕಂಪ್ಯೂಟರ್ ಕಸಿದುಕೊಂಡಿಲ್ಲ. ಆಮೇಲೆ ಮೊಬೈಲ್ ತೆಗೆದು ಲಾಟ್ ನಂಬರಿಗೆ ತಮ್ಮ ದರ ಒತ್ತುತ್ತಾರೆ. ತೂಕವೂ ಎಲೆಕ್ಟ್ರಾನಿಕ್. ದರ ಸಾಲದು ಅನ್ನಿಸಿದರೆ ರೈತ ‘ಬೇಡ’ ಅನ್ನಬಹುದು. ಕೂಗಾಟ ಕಡಿಮೆಯಾಗಿದೆ, ಬಾಗಿದ ತಲೆಗಳು, ಓಡುವ ಹೆಬ್ಬೆರಳುಗಳು ಹೆಚ್ಚಾಗಿವೆ. ಗೂಡಿಗೆ ಮಾತ್ರ ಈ ಬದಲಾವಣೆ ಅಂತಲ್ಲ. ಕೃಷಿ ಮಾರುಕಟ್ಟೆಗಳನ್ನು ಆನ್‌ಲೈನ್‌ಗೆ ತರಲು ಕರ್ನಾಟಕ 2014ರಲ್ಲೇ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಅಂತ ಕಂಪನಿ ಕಟ್ಟಿತು. ಕೇಂದ್ರದ ಇ-ನ್ಯಾಮ್ ಬಂದದ್ದು ಆಮೇಲೆ, 2016ರ ಏಪ್ರಿಲ್ 14ರಂದು.

ಈಗ ನಮ್ಮ ವಿಷಯಕ್ಕೆ ಬರೋಣ. ಒಬ್ಬ ರೀಲರ್ ತನ್ನ ಮೊಬೈಲಿನಲ್ಲಿ ದರ ಒತ್ತಿದ ಕ್ಷಣ, ಅದೇ ಲಾಟಿನ ಮೇಲೆ ಕಣ್ಣಿಟ್ಟಿರುವ ಬೇರೆಯವರಿಗೂ, ಗೂಡಿನ ಪಕ್ಕ ನಿಂತ ರೈತನಿಗೂ ದರ ಎಲ್ಲಿಗೆ ಬಂತು ಅಂತ ಗೊತ್ತಾಗಬೇಕು ಎಂದಿಟ್ಟುಕೊಳ್ಳಿ. ಇದು ಹೇಳಿದಷ್ಟು ಸುಲಭ ಅಲ್ಲ. ಯಾಕೆ ಅಂದರೆ, ಇಂಟರ್‌ನೆಟ್ಟಿನ ಪುಟಗಳನ್ನು ಮೊದಲು ಕಟ್ಟಿದ್ದೇ ಬೇರೆ ಕ್ರಮದಲ್ಲಿ. ನಾವು ಕೇಳಿದರೆ ಅದು ಉತ್ತರ ಕೊಡುತ್ತದೆ. ಕೊಟ್ಟ ಮೇಲೆ ಸಂಬಂಧ ಮುಗಿಯಿತು. ಪತ್ರ ಬರೆದು ಉತ್ತರ ತರಿಸಿಕೊಂಡ ಹಾಗೆ. ಹೊಸ ಸುದ್ದಿ ಇದೆಯಾ ಅಂತ ತಿಳಿಯಲು ಮತ್ತೆ ಪತ್ರ ಬರೆಯಬೇಕು.

ಮದ್ರಸದಲ್ಲಿ ಪಾಠ ಮಾಡುವವರಿಗೆ ಇದರ ಉಪಮೆ ದಿನಾ ಕಣ್ಣೆದುರು ಉಂಟು. ಹಿಂದಿನ ಬೆಂಚಿನ ಮಗು ಎರಡು ನಿಮಿಷಕ್ಕೊಮ್ಮೆ ‘‘ಉಸ್ತಾದೇ, ಬಿಡುವ ಹೊತ್ತಾಯ್ತಾ?’’ ಅಂತ ಕೇಳುತ್ತದೆ. ‘‘ಇಲ್ಲ’’ ಅನ್ನುತ್ತೇವೆ. ಮತ್ತೆ ಕೇಳುತ್ತದೆ. ನಲುವತ್ತು ಮಕ್ಕಳೂ ಹೀಗೇ ಕೇಳಿದರೆ ಪಾಠ ಆದ ಹಾಗೆಯೇ. ಹಳೆಯ ವೆಬ್ ಪುಟಗಳು ಹೊಸ ಸುದ್ದಿ ತಿಳಿಯಲು ಮಾಡುತ್ತಿದ್ದದ್ದು ಇದನ್ನೇ. ಇದಕ್ಕೆ ಪೋಲಿಂಗ್ ಅನ್ನುತ್ತಾರೆ. ಬೆಲ್ ಹೊಡೆದರೆ? ಯಾರೂ ಕೇಳುವುದು ಬೇಡ, ಹೊತ್ತಾದಾಗ ಎಲ್ಲರಿಗೂ ಒಟ್ಟಿಗೇ ಗೊತ್ತಾಗುತ್ತದೆ. ಆ ಬೆಲ್ಲನ್ನು ಇಂಟರ್‌ನೆಟ್ಟಿಗೆ ತಂದದ್ದೇ ರಿಯಲ್‌ಟೈಮ್ ತಂತ್ರಜ್ಞಾನ.

ಅದರಲ್ಲಿ ಮುಖ್ಯವಾದದ್ದು ವೆಬ್‌ಸಾಕೆಟ್. 2011ರ ಡಿಸೆಂಬರ್‌ನಲ್ಲಿ ಇದರ ನಿಯಮಗಳು ಅಧಿಕೃತ ಮಾನದಂಡವಾಗಿ ಪ್ರಕಟವಾದವು. ಪತ್ರವ್ಯವಹಾರ ಬಿಟ್ಟು ಫೋನ್ ಹಚ್ಚಿದ ಹಾಗೆ ಇದು. ಲೈನು ತೆರೆದೇ ಇರುತ್ತದೆ, ಎರಡೂ ಕಡೆಯವರು ಯಾವಾಗ ಬೇಕಾದರೂ ಮಾತಾಡಬಹುದು. ಇನ್ನೊಂದು ವೆಬ್‌ಆರ್‌ಟಿಸಿ. ಗೂಗಲ್ 2011ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟದ್ದು, 2021ರ ಜನವರಿಯಲ್ಲಿ ಅಧಿಕೃತ ಮಾನದಂಡವಾಯಿತು. ಲಾಕ್‌ಡೌನಿನಲ್ಲಿ ಗೂಗಲ್ ಮೀಟ್ ಹಾಕಿ ನಾವು ಮಕ್ಕಳಿಗೆ ಕುರ್‌ಆನ್ ಪಾಠ ಹೇಳಿಕೊಟ್ಟೆವಲ್ಲ, ಆ ಮಾತು, ಮುಖ ಎಲ್ಲ ಹರಿದು ಬಂದದ್ದು ಇದೇ ದಾರಿಯಲ್ಲಿ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ಪಂದ್ಯವನ್ನು ಹಾಟ್‌ಸ್ಟಾರ್‌ನಲ್ಲಿ ಒಂದೇ ಸಮಯಕ್ಕೆ 5.9 ಕೋಟಿ ಮಂದಿ ನೋಡುತ್ತಿದ್ದರು. ಪಂದ್ಯ ಸೋತದ್ದು ಬೇರೆ ಮಾತು. ಅಷ್ಟು ಮಂದಿಗೆ ಒಟ್ಟಿಗೆ ತಲುಪಿಸುವುದು ಎಷ್ಟು ದೊಡ್ಡ ಕೆಲಸ ಅನ್ನುವುದಕ್ಕೆ ಹೇಳಿದೆವು. ಚನ್ನಪಟ್ಟಣದ ರಸ್ತೆ ಬದಿಯ ಬೊಂಬೆ ಅಂಗಡಿಯಲ್ಲಿ ಹಣ ಬಂತು ಅಂತ ಕೂಗುವ ಸಣ್ಣ ಪೆಟ್ಟಿಗೆ ಕೂಡ ಇದೇ ಕುಟುಂಬದ್ದು.

ರಿಯಲ್‌ಟೈಮ್ ಅಂದರೆ ವೇಗ ಅಂತ ಹೆಚ್ಚಿನವರು ತಿಳಿಯುತ್ತಾರೆ. ಮಾರುಕಟ್ಟೆಯಲ್ಲಿ ನಿಂತು ನೋಡಿದರೆ ಅದು ನ್ಯಾಯದ ಪ್ರಶ್ನೆ ಅಂತ ತೋರುತ್ತದೆ. ಒಬ್ಬನಿಗೆ ಗೊತ್ತಿರುವ ದರ ಇನ್ನೊಬ್ಬನಿಗೆ ಗೊತ್ತಿಲ್ಲದೆ ಹೋದರೆ ಗೊತ್ತಿಲ್ಲದವನು ಸೋತ. ಇದು ಹೊಸ ಸಂಗತಿಯೇ ಅಲ್ಲ. ಸರಕು ತುಂಬಿಕೊಂಡು ಪೇಟೆಗೆ ಬರುವ ಒಂಟೆಗಳ ತಂಡವನ್ನು ಊರ ಹೊರಗೇ ಎದುರುಗೊಂಡು, ಪೇಟೆಯ ದರ ತಿಳಿಯುವ ಮೊದಲೇ ಅವರ ಸರಕು ಕೊಳ್ಳುವುದನ್ನು ಪ್ರವಾದಿಯವರು (ಸ) ತಡೆದರು. ಹಾಗೆ ಕೊಂಡರೂ, ಮಾರಿದವನು ಪೇಟೆಗೆ ಬಂದು ದರ ತಿಳಿದ ಮೇಲೆ ವ್ಯಾಪಾರ ಉಳಿಸಿಕೊಳ್ಳುವ ಅಥವಾ ಮುರಿಯುವ ಹಕ್ಕು ಅವನದ್ದು ಅಂತ ಹದೀಸಿನಲ್ಲಿ ಬಂದಿದೆ. ಕಿತಾಬಿನಲ್ಲಿ ಇದನ್ನು ‘ತಲಕ್ಕಿ ರುಕ್ಬಾನ್’ ಅಂತ ಓದಿದ್ದೇವೆ. ಏಲಂ ಹಾಕುವುದು ತಪ್ಪಲ್ಲ. ಒಬ್ಬ ಬಡವನ ಕಂಬಳಿ, ಬಟ್ಟಲನ್ನು ಪ್ರವಾದಿಯವರೇ (ಸ) ಹರಾಜು ಹಾಕಿಸಿದ ವರದಿ ತಿರ್ಮಿದಿಯಲ್ಲಿದೆ. ಆದರೆ ಕೊಳ್ಳುವ ಮನಸ್ಸಿಲ್ಲದೆ ಬರಿದೇ ದರ ಏರಿಸುವ ‘ನಜಶ್’ ನಿಷಿದ್ಧ. ಸಾಫ್ಟ್‌ವೇರ್ ಕಟ್ಟುವವನು ಈ ಪಾಠ ಓದಿರಲಿಕ್ಕಿಲ್ಲ. ಅವನು ಕಟ್ಟುವ ಏಲಂ ಪೇಟೆಯಲ್ಲಿ ಈ ಪ್ರಶ್ನೆಗಳೆಲ್ಲ ಎದ್ದೇ ಏಳುತ್ತವೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಕಬ್ಬಿಣದ ಶೀಟಿನ ಮಾಡು, ಜನರ ಗುಂಪು, ಒಬ್ಬ ರೀಲರ್‌ನ ಮೊಬೈಲಿಗೆ ಅರ್ಧ ನಿಮಿಷ ನೆಟ್‌ವರ್ಕ್ ಹೋಯಿತು. ಪರದೆ ಆರಿಲ್ಲ, ಕಿಲೋಗೆ 480 ರೂಪಾಯಿ ಅಂತ ತೋರಿಸುತ್ತಲೇ ಇದೆ. ಹೊರಗೆ ದರ 510ಕ್ಕೆ ಹೋಗಿ ಲಾಟು ಬೇರೆಯವರ ಪಾಲಾಗಿದೆ. ಅವನು 485 ಒತ್ತಿ ಕಾಯುತ್ತಾನೆ. ಪರದೆ ಕಪ್ಪಾಗಿದ್ದರೆ ಎಚ್ಚರ ಆಗುತ್ತಿದ್ದ. ಹಳೆಯ ದರವನ್ನು ಹೊಸದರಂತೆ ತೋರಿಸುವುದು ಏನೂ ತೋರಿಸದೆ ಇರುವುದಕ್ಕಿಂತ ಕೆಟ್ಟದು. ಆದ್ದರಿಂದ ಲೈನು ತಪ್ಪಿದ ಕೂಡಲೇ ಕೆಂಪು ಪಟ್ಟಿಯಲ್ಲಿ ‘ಸಂಪರ್ಕ ಇಲ್ಲ’ ಅಂತ ತೋರಿಸಬೇಕು, ಲೈನು ಮರಳಿದಾಗ ನಡುವೆ ತಪ್ಪಿದ ದರಗಳನ್ನೆಲ್ಲ ತಂದು ಸರಿ ಮಾಡಬೇಕು.

ಇನ್ನೊಂದು. ಒತ್ತಿದ್ದು ಹೋಯಿತೋ ಇಲ್ಲವೋ ಅಂತ ಸಂಶಯದಲ್ಲಿ ಮನುಷ್ಯ ಎರಡು ಸಲ ಒತ್ತುತ್ತಾನೆ. ಅದನ್ನು ಎರಡು ಬಿಡ್ ಅಂತ ಎಣಿಸಿದರೆ ಅವನು ತನ್ನ ದರವನ್ನು ತಾನೇ ಏರಿಸಿಕೊಂಡ ಹಾಗಾಯಿತು. ಪ್ರತಿ ಒತ್ತುವಿಕೆಗೂ ಒಂದು ಗುರುತಿನ ಸಂಖ್ಯೆ ಕೊಟ್ಟರೆ, ಅದೇ ಸಂಖ್ಯೆ ಮತ್ತೆ ಬಂದಾಗ ಸರ್ವರ್ ಅದನ್ನು ಬದಿಗಿಡುತ್ತದೆ. ಮತ್ತೆ ಗಡಿಯಾರದ ವಿಷಯ. ಯಾರದು ಮೊದಲು ಅಂತ ನಿರ್ಧರಿಸಲು ಮೊಬೈಲಿನ ಗಡಿಯಾರ ನಂಬಿದರೆ ಗಡಿಯಾರ ತಿರುಗಿಸಿಟ್ಟವನು ಗೆಲ್ಲುತ್ತಾನೆ. ಸರ್ವರಿಗೆ ತಲುಪಿದ ಸಮಯ ಹಿಡಿದರೆ ನೆಟ್‌ವರ್ಕ್ ನಿಧಾನ ಇರುವವನು ಸೋಲುತ್ತಾನೆ. ಅದಕ್ಕೇ ಕೆಲವು ಏಲಂಗಳಲ್ಲಿ ಕೊನೆಯ ಗಳಿಗೆಯಲ್ಲಿ ದರ ಬಂದರೆ ಸಮಯವನ್ನು ಸ್ವಲ್ಪ ಮುಂದೆ ಹಾಕುತ್ತಾರೆ. ಸರ್ವರ್ ಎಲ್ಲಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈಗೆ ಹೋಗಿ ಬರುವುದು ನಮಗೆ ಗೊತ್ತೇ ಆಗುವುದಿಲ್ಲ, ಅಮೆರಿಕಕ್ಕೆ ಹೋಗಿ ಬರುವಾಗ ಸೆಕೆಂಡಿನ ಐದನೇ ಒಂದು ಪಾಲೋ ಹೆಚ್ಚೋ ಹಿಡಿಯುತ್ತದೆ. ಅಮೆಝಾನ್ ಕಂಪನಿ ತನ್ನ ಸರ್ವರ್ ಕೇಂದ್ರವನ್ನು ಮುಂಬೈಯಲ್ಲಿ ತೆರೆದದ್ದು 2016ರ ಜೂನ್‌ನಲ್ಲಿ.

ಈ ಎಲ್ಲ ಸಂಗತಿ ಯಾರು ಯಾರಿಗೆ ಹೇಳಬೇಕು? ಇಲ್ಲಿಯೇ ನಮ್ಮ ‘ಅಡ್ವೊಕೇಟ್’ ಬರುವುದು.

ಲೈನು ತೆರೆದಿಡುವ ಕೆಲಸವನ್ನು ಪ್ರತಿಯೊಬ್ಬ ಸಾಫ್ಟ್‌ವೇರ್‌ನವನೂ ಮೊದಲಿಂದ ಮಾಡುತ್ತಾ ಕೂರುವುದಿಲ್ಲ. ಅದನ್ನು ಸಿದ್ಧ ಮಾಡಿ ಕೊಡುವ ಕಂಪನಿಗಳಿವೆ. ಲಂಡನ್ನಿನ ಪುಷರ್ 2010ರ ಹೊತ್ತಿಗೇ ಈ ದಾರಿಯಲ್ಲಿತ್ತು. ನಮ್ಮ ಬೆಂಗಳೂರಿನಲ್ಲೂ ಹಸುರಾ, 100ಎಂಎಸ್ ಅಂಥ ಕಂಪನಿಗಳು ಈ ಬಗೆಯ ಸರಕು ತಯಾರಿಸಿದವು. ಇವರ ಗಿರಾಕಿ ನಾವು ನೀವಲ್ಲ, ಬೇರೆ ಡೆವಲಪರ್‌ಗಳು. ಡೆವಲಪರ್‌ಗೆ ಜಾಹೀರಾತು ತೋರಿಸಿ ಮಾರಲು ಆಗುವುದಿಲ್ಲ. ಅವನಿಗೆ ನಡೆಯುವ ಕೋಡ್ ಬೇಕು, ಪ್ರಶ್ನೆ ಕೇಳಿದರೆ ನೇರ ಉತ್ತರ ಬೇಕು. ಆದ್ದರಿಂದ ಕಂಪನಿ ಒಬ್ಬನನ್ನು ಇಡುತ್ತದೆ. ಅವನು ಕೋಡ್ ಬರೆದು ಮಾದರಿ ತೋರಿಸುತ್ತಾನೆ, ವಿವರಣೆ ಬರೆಯುತ್ತಾನೆ, ಸಭೆಗಳಲ್ಲಿ ನಿಂತು ಕಲಿಸುತ್ತಾನೆ. ಬೆಂಗಳೂರಿನ ಹ್ಯಾಸ್‌ಗೀಕ್‌ನವರು 2011ರಿಂದ ನಡೆಸಿದ ಜೆಎಸ್‌ಫೂ ಅಂಥ ಸಭೆಗಳು ಇಂಥವರ ಕಣ. ಸಂಜೆ ಕೂತು, ಎಲ್ಲೋ ಸಿಕ್ಕಿಬಿದ್ದ ಡೆವಲಪರ್‌ಗಳ ತೊಂದರೆ ಬಿಡಿಸುತ್ತಾನೆ.

ಇದು ಅರ್ಧ ಕೆಲಸ. ಉಳಿದ ಅರ್ಧ ಹಿಂದಿರುಗುವ ದಾರಿಯದ್ದು. ‘‘ನಿಮ್ಮ ಸರಕು ಸಂಪರ್ಕ ತಪ್ಪಿದಾಗ ಹಳೆಯ ದರ ತೋರಿಸುತ್ತದೆ’’ ಅಂತ ಹೊರಗಿನ ಡೆವಲಪರ್ ದೂರಿದರೆ, ಅದನ್ನು ಕಂಪನಿಯೊಳಗೆ ತಂದು, ಇಂಜಿನಿಯರ್‌ಗಳ ಮುಂದೆ ಇಟ್ಟು, ಸರಿಪಡಿಸುವ ತನಕ ಬೆನ್ನು ಬಿಡಬಾರದು. ವಕೀಲ ಅನ್ನುವ ಹೆಸರು ಬಂದದ್ದು ಇದಕ್ಕೇ: ಹೊರಗಿನವನ ಪರವಾಗಿ ಒಳಗೆ ವಾದಿಸಬೇಕು. ಹಿಂದೆ ಈ ಕೆಲಸಕ್ಕೆ ‘ಇವಾಂಜಲಿಸ್ಟ್’ ಅನ್ನುತ್ತಿದ್ದರು. 1980ರ ದಶಕದಲ್ಲಿ ಆಪಲ್ ಕಂಪನಿಯ ಮ್ಯಾಕಿಂಟೋಷ್‌ಗೆ ಬೇರೆಯವರಿಂದ ಸಾಫ್ಟ್‌ವೇರ್ ಬರೆಯಿಸಲು ಗೈ ಕವಾಸಾಕಿ ಈ ಕೆಲಸದಲ್ಲಿದ್ದು ಹೆಸರಾದರು. ಆ ಪದ ಕ್ರೈಸ್ತರ ಸುವಾರ್ತೆ ಸಾರುವವರದ್ದು. ಸಾರುವುದಕ್ಕಿಂತ ಕೇಳಿಸಿಕೊಳ್ಳುವುದು ಮುಖ್ಯ ಅಂತ ಅನ್ನಿಸಿ ಹಲವು ಕಂಪನಿಗಳು ಹೆಸರು ಬದಲಾಯಿಸಿದವು. ಹೆಸರು ಬದಲಾದಲ್ಲೆಲ್ಲ ಬುದ್ಧಿ ಬದಲಾಗಿದೆಯಾ ಅಂತ ಕೇಳಬೇಡಿ.

ಯಾಕೆಂದರೆ ಈ ಕೆಲಸದಲ್ಲಿ ಒಂದು ಸಂಕಟ ಉಂಟು. ಸಂಬಳ ಕೊಡುವುದು ಕಂಪನಿ. ‘‘ನಿಮ್ಮ ಸರಕು ಈ ಏಲಂಗೆ ಸರಿಹೋಗುತ್ತದಾ?’’ ಅಂತ ಡೆವಲಪರ್ ಕೇಳಿದಾಗ, ಹೋಗುವುದಿಲ್ಲ ಅಂತ ಗೊತ್ತಿದ್ದರೆ ಹಾಗೇ ಹೇಳಬೇಕು. ಕಾಸು ಕೊಡುವ ಗಿರಾಕಿ ಆ ದಿನ ಕೈ ತಪ್ಪುತ್ತಾನೆ. ಹೇಳದೆ ಹೋದರೆ ನಾಳೆ ಯಾವುದೋ ಮಾರುಕಟ್ಟೆಯಲ್ಲಿ ಯಾರದ್ದೋ ಲಾಟು ತಪ್ಪುತ್ತದೆ. ದೋಷ ಇದ್ದರೆ ಹೇಳಿ ಮಾರು ಅಂತ ಅಂಗಡಿಯಲ್ಲಿ ಕೂರುವ ಮಗನಿಗೆ ನಾವು ಹೇಳುತ್ತೇವಲ್ಲ, ಈ ಮಗನಿಗೂ ಅದೇ ಅನ್ವಯ. ಜೊತೆಗೆ ಇನ್ನೊಂದು ಮಾತನ್ನೂ ಮನೆಯವರು ತಿಳಿದಿರಲಿ: ಕಂಪನಿಗೆ ಕಷ್ಟ ಬಂದಾಗ ಮೊದಲು ಕತ್ತರಿ ಬೀಳುವುದು ಇಂಥ ಕೆಲಸಗಳಿಗೆ. 2022, 2023ರಲ್ಲಿ ತಂತ್ರಜ್ಞಾನ ಕಂಪನಿಗಳು ಜನರನ್ನು ತೆಗೆದಾಗ ಇವರೂ ಹೋದರು. ಕೋಡ್ ಬರೆಯುವ ಕೈ ಗಟ್ಟಿ ಇದ್ದವರು ಬೇರೆ ಕಡೆ ಸೇರಿಕೊಂಡರು. ಬರೇ ಮಾತಿನ ಮೇಲೆ ನಿಂತವರಿಗೆ ತೊಂದರೆಯಾಯಿತು. ಹಾಗಾಗಿ ‘‘ನನಗೆ ಮಾತು ಚೆನ್ನಾಗಿ ಬರುತ್ತದೆ, ಈ ಕೆಲಸ ಸಾಕು’’ ಅನ್ನುವ ಮೋನುಗೆ ಮೊದಲು ಎರಡು ಮೂರು ವರ್ಷ ಇಂಜಿನಿಯರ್ ಆಗಿ ಬೆವರಲು ಹೇಳಿ.

ಮಾತಿನ ವಿಷಯ ಬಂತಲ್ಲ, ಅಲ್ಲಿ ನಮ್ಮ ಮಕ್ಕಳಿಗೆ ಒಂದು ಅನುಕೂಲ ಉಂಟು ಅಂತ ನಮ್ಮ ಅಭಿಪ್ರಾಯ. ಬ್ಯಾರಿ ಮನೆಯ ಮಗು ಒಳಗೆ ಬ್ಯಾರಿ ಭಾಷೆ, ಅಂಗಳದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ, ಕಾಸರಗೋಡಿನ ಸಂಬಂಧಿಕರ ಜೊತೆ ಮಲಯಾಳ, ಬೆಂಗಳೂರಿಗೆ ಹೋದರೆ ಉರ್ದು ಅಥವಾ ಹಿಂದಿ ಅಂತ ಬೆಳೆಯುತ್ತದೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಗೆ ಅವರ ಮಾತಿನಲ್ಲಿ ತಿಳಿಸುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸ. ರಾಮನಗರದ ಮಾರುಕಟ್ಟೆಯಲ್ಲಿ ಕನಕಪುರದ ರೈತ ಕನ್ನಡದಲ್ಲಿ ಯೋಚಿಸುತ್ತಾನೆ, ರೀಲರ್ ದಖನಿಯಲ್ಲಿ ಲೆಕ್ಕ ಹಾಕುತ್ತಾರೆ, ಸಾಫ್ಟ್‌ವೇರ್ ಬರೆದವನು ಇಂಗ್ಲಿಷ್‌ನಲ್ಲಿ ಓದಿ ಕಲಿತವನು. ‘‘ಹಳೇ ರೇಟೇ ತೋರ್ಸ್ತಾ ಇತ್ತು’’ ಅನ್ನುವ ರೀಲರ್‌ನ ಒಂದು ಸಿಟ್ಟಿನ ಮಾತನ್ನು, ಯಾವ ಗಳಿಗೆಯಲ್ಲಿ ಲೈನು ತಪ್ಪಿತು, ಪುಟ ಆಗ ಏನು ಮಾಡಬೇಕಿತ್ತು ಅಂತ ಇಂಜಿನಿಯರ್‌ಗೆ ಅರ್ಥವಾಗುವ ಹಾಗೆ ಬಿಡಿಸಿ ಹೇಳಬಲ್ಲವನು ಬೇಕು. ಅವನು ಹೇಳದಿದ್ದರೆ ಆ ಸಿಟ್ಟು ಮಾರುಕಟ್ಟೆಯ ಗೋಡೆಯೊಳಗೇ ಉಳಿಯುತ್ತದೆ, ‘‘ಈ ಜನಕ್ಕೆ ಮೊಬೈಲ್ ಬಳಸಲು ಬರುವುದಿಲ್ಲ’’ ಅಂತ ಆಫೀಸಿನಲ್ಲಿ ತೀರ್ಮಾನ ಆಗುತ್ತದೆ. ಹೆಣ್ಣುಮಕ್ಕಳಿಗೂ ಇದು ಹೊಂದುವ ಕೆಲಸ. ವಿವರಣೆ ಬರೆಯುವುದು, ಮಾದರಿ ಕಟ್ಟುವುದು, ಪ್ರಶ್ನೆಗೆ ಉತ್ತರಿಸುವುದರಲ್ಲಿ ಬಹುಪಾಲು ಮನೆಯಿಂದಲೇ ಆಗುತ್ತದೆ.

ಕಲಿಯುವುದು ಎಲ್ಲಿಂದ ಅಂತ ಕೇಳುವವರಿಗೆ: ದುಡ್ಡು ಕೊಟ್ಟು ಸೇರುವ ಕೋರ್ಸಿನ ಅಗತ್ಯ ಮೊದಲಿಗೆ ಇಲ್ಲ. ಮೊಝಿಲ್ಲಾದವರ ಎಂಡಿಎನ್ ಪುಟಗಳಲ್ಲಿ ವೆಬ್‌ಸಾಕೆಟ್ ಪಾಠ ಉಚಿತವಾಗಿ ಉಂಟು. ಪಿಯುಸಿ ವಿಜ್ಞಾನ ಮುಗಿಸಿ ಜಾವಾಸ್ಕ್ರಿಪ್ಟ್ ಸ್ವಲ್ಪ ಕಲಿತ ಮಗು ರಜೆಯಲ್ಲಿ ಒಂದು ಸಣ್ಣ ಏಲಂ ಪುಟ ಕಟ್ಟಲಿ. ಮನೆಯ ಎರಡು ಮೊಬೈಲಿನಲ್ಲಿ ತೆರೆಯಲಿ. ಒಂದು ಉಮ್ಮನ ಕೈಗೆ, ಒಂದು ಉಪ್ಪನ ಕೈಗೆ ಕೊಟ್ಟು ಒಂದು ಬುಟ್ಟಿ ಬಂಗುಡೆಗೆ ದರ ಒತ್ತಲು ಹೇಳಲಿ. ನಡುವೆ ಉಪ್ಪನ ಮೊಬೈಲಿನ ನೆಟ್ ಆಫ್ ಮಾಡಿ, ಉಮ್ಮ ಎರಡು ಸಲ ದರ ಏರಿಸಿದ ಮೇಲೆ ಮತ್ತೆ ಆನ್ ಮಾಡಲಿ. ಆಗ ಉಪ್ಪನ ಪರದೆಯ ಮೇಲೆ ಯಾವ ದರ ಕಾಣುತ್ತದೆ ಅಂತ ನೋಡಲಿ.